ಎಷ್ಟು ದಿನದಿಂದ ನೋವು?

ಅಕ್ಕನ ಬಾಯಿಗೆ ಬಿದ್ದ ಯಾವ ಸಂಗತಿಯೂ ತನ್ನ ಸ್ವಂತ ಅಳತೆಯಲ್ಲಿ ಹೊರಗೆ ಬಂದದ್ದಿಲ್ಲ. ಇಲಿ ಹೋಯಿತು ಎನ್ನುವ ಕಡೆ ಹುಲಿ ಹೋಯಿತು ಎನ್ನುವ ಪೈಕಿ ಅವಳು. ನಲ್ಲಿ ತೊಟ್ಟಿಕ್ಕಿದರೆ ಮನೆಯೇ ತೇಲಿಹೋಯಿತು, ಅಂಗಡಿಯವನು ಒಂದು ಮಾತು ಹೆಚ್ಚಿಗೆ ಆಡಿದರೆ ಇಡೀ ಬೀದಿ ಬಂದು ಜಗಳ ಬಿಡಿಸಿತು. ತರಕಾರಿಗೆ ಹೋದವಳು ತಡವಾಗಿ ಬಂದಳೋ, ಕ್ಯೂನಲ್ಲಿ ಸಾವಿರ ಜನ ನಿಂತಿದ್ದರೆಂದೇ ಲೆಕ್ಕ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಬೀದಿಯವರು ನಕ್ಕು, ಅವಳು ಹೇಳಿದ್ದನ್ನು ಹತ್ತರಿಂದ ಭಾಗಿಸಿ ಉಳಿದದ್ದನ್ನು ನಂಬುತ್ತಿದ್ದರು. ಭಾಗಿಸಬೇಕೆಂಬುದು ಗೊತ್ತಿಲ್ಲದವರು ಬೀದಿಗೆ ಹೊಸದಾಗಿ ಬಂದವರು ಮಾತ್ರ.

ಅವಳು ಚಿಕ್ಕದಾಗಿ ಹೇಳುತ್ತಿದ್ದ ಕತೆ ಒಂದೇ ಒಂದು, ಗಂಡನ ಸಾವಿನದು. ಎದೆನೋವು ಅಂದರು, ಆಸ್ಪತ್ರೆಗೆ ಕರೆದುಕೊಂಡು ಹೋದೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗಿಬಿಟ್ಟರು. ಅಷ್ಟೇ ಹೇಳಿ ಒಳಗೆ ಹೋಗಿ ಪಾತ್ರೆ ತೊಳೆಯತೊಡಗುತ್ತಿದ್ದಳು. ಅದಾದ ಮೇಲೆ ಅವಳು ತಂಗಿಯ ಮನೆಗೆ ಬಂದು ನಿಂತಳು. ಅಂದಿನಿಂದ ಇಬ್ಬರದೂ ಒಂದೇ ಒಲೆ.

ತಂಗಿ ಇದಕ್ಕೆ ತದ್ವಿರುದ್ಧ. ಅವಳು ಕಾರು ಕಲಿಸುವವಳು, ಬೀದಿಗೆಲ್ಲ ಡ್ರೈವಿಂಗ್ ಮೇಡಂ. ಮುಂದಿನ ಗಾಡಿಗೂ ನಮಗೂ ಎಷ್ಟು ಅಡಿ ಎಂದು ಕೇಳಿದರೆ ಅವಳು ಹೇಳಿದಷ್ಟೇ ಇರುತ್ತಿತ್ತು, ಅಳೆದು ನೋಡಿಕೊಳ್ಳಬಹುದು. ಅವಳ ಹಳೆಯ ಬಿಳಿ ಕಾರಿನಲ್ಲಿ ಕಲಿಯುವವರ ಬ್ರೇಕು ಒಂದು, ಪಕ್ಕದಲ್ಲಿ ಕೂತ ಅವಳ ಕಾಲ ಕೆಳಗೆ ಇನ್ನೊಂದು. ಆ ಎರಡನೇ ಬ್ರೇಕೇ ಅವಳ ಅನ್ನ. ಎಷ್ಟೋ ಜನರ ಪ್ರಾಣ ಅದರ ಮೇಲೆ ನಿಂತಿತ್ತು, ಅವರಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಒಂದು ಬೆಳಿಗ್ಗೆ ಅವಳು ಬ್ಯಾಂಕಿನ ಗುಮಾಸ್ತನಿಗೆ ರಿವರ್ಸ್ ಕಲಿಸುತ್ತಿದ್ದಳು. ಎರಡು ಸಲ ಪರೀಕ್ಷೆಯಲ್ಲಿ ಫೇಲಾದ ಮನುಷ್ಯ, ಸ್ಟೀರಿಂಗ್ ಹಿಡಿದರೆ ಬೆವರುತ್ತಿದ್ದ. ಇದ್ದಕ್ಕಿದ್ದಂತೆ ಅವಳ ಎದೆಯ ಮೇಲೆ ಯಾರೋ ರುಬ್ಬುಗುಂಡು ಇಟ್ಟ ಹಾಗಾಯಿತು. ಅವಳು ತನ್ನ ಬ್ರೇಕು ಒತ್ತಿ ಕಾರು ನಿಲ್ಲಿಸಿದಳು. ಪಾಠ ಹೇಳುವ ದನಿಯಲ್ಲೇ, ಈಗ ನೇರವಾಗಿ ಆಸ್ಪತ್ರೆಗೆ ಹೋಗೋಣ, ಗಾಬರಿ ಬೇಡ, ಕ್ಲಚ್ ನಿಧಾನ ಬಿಡಿ ಎಂದಳು. ಗುಮಾಸ್ತ ಸಂತೆಯಂಥ ಟ್ರಾಫಿಕ್ಕಿನಲ್ಲಿ, ಪೂರ್ತಿ ಎರಡನೇ ಗೇರಿನಲ್ಲೇ ಅವಳನ್ನು ಬಾಗಿಲಿಗೆ ಮುಟ್ಟಿಸಿದ. ಆಮೇಲೆ ಪರೀಕ್ಷೆ ಅವನಿಗೆ ಪರೀಕ್ಷೆ ಎನಿಸಲೇ ಇಲ್ಲ, ಮುಂದಿನ ಸಲ ಪಾಸಾದ.

ಅಕ್ಕ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು. ತಂಗಿಯ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿಯಾಗಿತ್ತು, ಮಾತಾಡುವಂತಿರಲಿಲ್ಲ. ಕಿರಿಯ ಡಾಕ್ಟರೊಬ್ಬ ಕೇಸ್ ಪೇಪರ್ ಹಿಡಿದು ಬಂದು, ಎಷ್ಟು ದಿನದಿಂದ ನೋವು ಎಂದು ಅಕ್ಕನನ್ನು ಕೇಳಿದ.

"ದಿನ ಏನು ಬಂತು ಡಾಕ್ಟ್ರೇ, ಹತ್ತು ವರ್ಷದಿಂದ!" ಎಂದಳು ಅಕ್ಕ. "ಎದೆ ಹಿಡ್ಕೊಂಡೇ ಬದುಕಿದಾಳೆ. ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಅವನು ಹೊಸಬ. ಹತ್ತರಿಂದ ಭಾಗಿಸಲಿಲ್ಲ. ಹೇಳಿದ್ದನ್ನು ಹಾಗೆಯೇ ಬರೆದುಕೊಂಡ.

ಆಪರೇಷನ್ ಚೆನ್ನಾಗಿ ಆಯಿತು. ಎದೆ ಸೀಳಿ, ಕಟ್ಟಿಕೊಂಡಿದ್ದ ರಕ್ತನಾಳಗಳಿಗೆ ಬೇರೆ ದಾರಿ ಮಾಡಿ, ಮತ್ತೆ ಹೊಲಿದು ಕಳಿಸಿದರು. ಇನ್ಶೂರೆನ್ಸ್ ಇದೆಯಲ್ಲ ಎಂಬ ಧೈರ್ಯದಲ್ಲಿ ತಂಗಿ ಆಸ್ಪತ್ರೆಯ ಬಿಲ್ಲಿಗೆ ಕೈಸಾಲ ಮಾಡಿದಳು. ಕೊಟ್ಟವನು ಪಕ್ಕದ ಬೀದಿಯ ಇನ್ನೊಂದು ಡ್ರೈವಿಂಗ್ ಸ್ಕೂಲಿನ ಯಜಮಾನ. ಕೆಟ್ಟವನಲ್ಲ, ಕಾರಿನ ಮೇಲೆ ಕಣ್ಣಿತ್ತು. ಮೂರು ತಿಂಗಳೊಳಗೆ ದುಡ್ಡು ಬರದಿದ್ದರೆ ಕಾರು ತನ್ನದು ಎಂದು ಮಾತಾಡಿಕೊಂಡೇ ಕೊಟ್ಟಿದ್ದ. ಆಗಾಗ ಆರೋಗ್ಯ ವಿಚಾರಿಸುವ ನೆಪದಲ್ಲಿ ಬಂದು, ಪಕ್ಕದ ಸೀಟಿನಲ್ಲಿ ಕೂತು ಎರಡನೇ ಬ್ರೇಕನ್ನು ಒತ್ತಿ ನೋಡಿ ಹೋಗುತ್ತಿದ್ದ.

ಇನ್ಶೂರೆನ್ಸ್ ಕಂಪನಿ ಕ್ಲೇಮ್ ತಿರಸ್ಕರಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸ್ಟೀರಿಂಗ್ ಹಿಡಿಯಲು ಡಾಕ್ಟರ್ ಇನ್ನೂ ಒಪ್ಪಿರಲಿಲ್ಲವಾದ್ದರಿಂದ ಗುಮಾಸ್ತನೇ ಅವಳನ್ನು ಕಂಪನಿಯ ಆಫೀಸಿಗೆ ಕರೆದುಕೊಂಡು ಹೋದ. ಕೌಂಟರಿನ ಹುಡುಗಿ ಮರ್ಯಾದೆಯವಳು, ಕಂಪ್ಯೂಟರನ್ನೇ ಇತ್ತ ತಿರುಗಿಸಿ ತೋರಿಸಿದಳು. ಹತ್ತು ವರ್ಷದಿಂದ ಎದೆನೋವು, ರೋಗಿಯ ಅಕ್ಕ ಹೇಳಿದಂತೆ. ಪಾಲಿಸಿ ಮಾಡಿಸಿ ಐದು ವರ್ಷ. ಅಂದಮೇಲೆ ಹಳೆಯ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದಾರೆ ಎಂಬುದು ಅವರ ವಾದ.

ತಂಗಿ ಹೊರಗೆ ಬಂದು ಕಾರಿನಲ್ಲಿ ಕೂತು, ಮೊದಲು ಹೊಲಿಗೆ ನೋಯುವಷ್ಟು ನಕ್ಕಳು. ಅಕ್ಕನ ಮಾತನ್ನು ಇಷ್ಟು ವರ್ಷಕ್ಕೆ ನಿಜವೆಂದು ನಂಬಿದ ಒಬ್ಬನೇ ಒಬ್ಬ ಸಿಕ್ಕಿದ್ದು, ಅವನೂ ಬರೆದಿಟ್ಟುಕೊಂಡನಲ್ಲ! ಆಮೇಲೆ ನಗು ನಿಂತಿತು. ಈ ಕಾರು ಹೋದರೆ ಕೂತು ಉಣ್ಣಬೇಕು, ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ, ಅವಳಲ್ಲಿ ಕುಡಿಕೆಯೂ ಇರಲಿಲ್ಲ.

ಹಾಗಂತ ತಲೆಯ ಮೇಲೆ ಕೈ ಹೊತ್ತು ಕೂರುವ ಹೆಂಗಸಲ್ಲ ಅವಳು. ಕಾರು ಕಲಿಸುವವರು ವರ್ಷವರ್ಷವೂ ಆರೋಗ್ಯ ತಪಾಸಣೆ ಮಾಡಿಸಬೇಕಿತ್ತು. ಆ ಸರ್ಟಿಫಿಕೇಟುಗಳನ್ನೆಲ್ಲ ಜೋಡಿಸಿ, ವಿಮೆಯ ತಕರಾರು ಕೇಳುವ ಅಧಿಕಾರಿಗೆ ದೂರು ಕೊಟ್ಟಳು. ವಿಚಾರಣೆಗೆ ದಿನ ಗೊತ್ತಾಯಿತು. ಕಾರಿನ ಗಡುವಿಗೆ ಇನ್ನೂ ಎರಡು ವಾರ ಉಳಿದಿತ್ತು. ಆದರೆ ಕಚೇರಿಯವರು ಒಂದು ಮಾತು ಖಂಡಿತವಾಗಿ ಹೇಳಿದರು. ಹತ್ತು ವರ್ಷ ಎಂದು ಹೇಳಿದವರೇ ಬಂದು ಅದು ಯಾಕೆ ಹೇಳಿದ್ದೆಂದು ಹೇಳಬೇಕು.

ದುಡ್ಡು ಯಾಕೆ ನಿಂತಿತೆಂಬುದು ಅಕ್ಕನಿಗೆ ಗೊತ್ತಿರಲಿಲ್ಲ. ಕಂಪನಿ ಲಕ್ಷ ಮನೆ ಹಾಳು ಮಾಡಿದೆ ಎಂದು ಅವಳು ಬೀದಿಗೆಲ್ಲ ಸಾರುತ್ತಿದ್ದಳು. ರಾತ್ರಿ ತಂಗಿ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಎದ್ದೆದ್ದು ನೋಡುತ್ತಿದ್ದಳು. ಇಂಥವಳಿಗೆ, ನಿನ್ನ ಮಾತಿನಿಂದಲೇ ದುಡ್ಡು ನಿಂತಿದೆ ಎಂದು ಹೇಗೆ ಹೇಳುವುದು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ದಾರಿಗಾಗಿ ತಂಗಿ ತುಂಬ ಹುಡುಕಿದಳು, ಸಿಗಲಿಲ್ಲ.

ಕಲಿಯುವವರ ತಪ್ಪನ್ನು ಅವಳು ಗಾಡಿ ಓಡುವಾಗ ಹೇಳುತ್ತಿರಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿಸಿ, ಆಮೇಲೆ ಹೇಳುತ್ತಿದ್ದಳು. ವಿಚಾರಣೆಯ ಹಿಂದಿನ ದಿನ ಅಕ್ಕನನ್ನು ಮನೆಮುಂದೆ ನಿಂತಿದ್ದ ಕಾರಿಗೆ ಕರೆದು, ಕಲಿಯುವವರ ಸೀಟಿನಲ್ಲಿ ಕೂರಿಸಿದಳು. ನಡೆದದ್ದನ್ನು ಒಂದಡಿ ಹೆಚ್ಚಿಲ್ಲದೆ, ಒಂದಡಿ ಕಮ್ಮಿಯಿಲ್ಲದೆ ಹೇಳಿದಳು.

ಅಕ್ಕ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು.

"ಅಂದ್ರೆ ನಾನು ಸುಳ್ಳಿ ಅಂತೀಯಾ?"

"ಸುಳ್ಳಿ ಅಂದ್ನಾ ಅಕ್ಕ? ಸ್ವಲ್ಪ ದೊಡ್ಡದು ಮಾಡಿ ಹೇಳ್ದೆ ಅಂದೆ."

"ಸಾಕಿ ಬೆಳೆಸಿದ್ದಕ್ಕೆ ಇದೊಂದು ಕೇಳೋದು ಬಾಕಿ ಇತ್ತು."

ಅವಳು ಬಾಗಿಲು ಧಡಾರನೆ ಹಾಕಿ ಇಳಿದು ಹೋದಳು. ಆ ರಾತ್ರಿ ಊಟ ಬಡಿಸಿದಳು, ಮಾತಾಡಲಿಲ್ಲ. ಅವಳ ಮೌನ ಆ ಮನೆಗೆ ಹೊಸದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ತಂಗಿ ತನ್ನನ್ನೇ ಬೈದುಕೊಂಡಳು. ಕಾರು ಹೋದರೆ ಹೋಗಲಿ, ನಾಳೆ ಒಬ್ಬಳೇ ಹೋಗುತ್ತೇನೆ ಎಂದು ತೀರ್ಮಾನ ಮಾಡಿಯೇ ಮಲಗಿದಳು.

ಬೆಳಿಗ್ಗೆ ಗುಮಾಸ್ತ ಬ್ಯಾಂಕಿಗೆ ರಜೆ ಹಾಕಿ ಬಂದ. ಬಂದು ನೋಡಿದರೆ ಅಕ್ಕ ಇಸ್ತ್ರಿ ಸೀರೆ ಉಟ್ಟು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದಳೇ ಹೊರತು, ಟ್ರಾಫಿಕ್ಕಿನಲ್ಲಿ ಲಕ್ಷ ಗಾಡಿ ಇವೆ ಎಂದು ಕೂಡ ಹೇಳಲಿಲ್ಲ.

ವಿಚಾರಣೆಯ ಕೋಣೆ ಚಿಕ್ಕದು. ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ ಅಧಿಕಾರಿ, ವಯಸ್ಸಾದ ಹೆಂಗಸು. ಟೈಪ್ ಮಾಡುವವನೊಬ್ಬ. ಕಂಪನಿಯ ಕಡೆಯಿಂದ ಮೃದು ಮಾತಿನ ವಕೀಲ. ಈಚೆ ಇವರು ಮೂವರು. ಮೂಲೆಯಲ್ಲಿದ್ದ ಬೀರುವನ್ನು ಸೇರಿಸಿದರೂ ಏಳು.

ಅಧಿಕಾರಿ ಸರ್ಟಿಫಿಕೇಟುಗಳನ್ನು ನೋಡಿ ಪಕ್ಕಕ್ಕಿಟ್ಟು ಅಕ್ಕನ ಕಡೆ ತಿರುಗಿದರು.

"ಹತ್ತು ವರ್ಷದಿಂದ ನೋವು ಅಂತ ಹೇಳಿದ್ದು ನೀವೇನಾ ಅಮ್ಮ?"

"ನಾನೇ."

"ಅದು ನಿಜಾನಾ?"

ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. "ಅಲ್ಲ. ಅವತ್ತು ಬೆಳಿಗ್ಗೆವರೆಗೂ ಅವಳಿಗೆ ಏನೂ ಇರ್ಲಿಲ್ಲ."

ವಕೀಲ ವಿನಯದಿಂದಲೇ ಎದ್ದ. ಅಂದು ಹತ್ತು ವರ್ಷ ಎಂದರು, ಇಂದು ಏನೂ ಇರಲಿಲ್ಲ ಎನ್ನುತ್ತಾರೆ, ಇಂದಿನ ಮಾತಿನಿಂದ ಲಾಭವಿದೆ, ಅಂದಿನ ಮಾತಿನಿಂದ ಇರಲಿಲ್ಲ, ಯಾವುದನ್ನು ನಂಬುವುದು ಎಂದು ಕೇಳಿದ. ಕೇಳಿದ್ದು ತಪ್ಪಲ್ಲ. ಅವನ ಜಾಗದಲ್ಲಿದ್ದರೆ ತಾನೂ ಅದನ್ನೇ ಕೇಳುತ್ತಿದ್ದೆ ಎಂದು ತಂಗಿಗೆ ಎನಿಸಿತು. ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಅಲ್ಲಿ ಬ್ರೇಕು ಇರಲಿಲ್ಲ.

ಅಕ್ಕ ವಕೀಲನನ್ನು ನೋಡಲಿಲ್ಲ, ಅಧಿಕಾರಿಯನ್ನೂ ನೋಡಲಿಲ್ಲ. ಮೇಜಿಗೆ ಹೇಳುವಂತೆ ಹೇಳಿದಳು.

"ನಮ್ಮನೆಯವರಿಗೆ ನೋವು ಬಂದಾಗ್ಲೂ ಹೀಗೇ ಕೇಳಿದ್ರು, ಎಷ್ಟು ದಿನದಿಂದ ನೋವು ಅಂತ. ಈಗ್ತಾನೇ ಶುರುವಾಯ್ತು, ಸ್ವಲ್ಪ ಅಂದೆ. ಇದ್ದದ್ದನ್ನ ಇದ್ದ ಹಾಗೇ ಹೇಳ್ದೆ. ಬೆಂಚ್ ಮೇಲೆ ಕೂತಿರಿ ಅಂದ್ರು, ಕೂತ್ವಿ. ನಮಗಿಂತ ಆಮೇಲೆ ಬಂದೋರು ಜೋರಾಗಿ ಅಳ್ತಿದ್ರು, ಅವ್ರನ್ನ ಒಳಗೆ ಕರೆದ್ರು. ಎದ್ದು ಕೇಳ್ತೀನಿ ಅಂದ್ರೆ ಇವ್ರು ಬಿಡ್ಲಿಲ್ಲ, ಸುಮ್ನಿರು, ನಮ್ಮ ಸರದಿ ಬರುತ್ತೆ ಅಂದ್ರು. ಕತ್ತಲಾಯ್ತು. ನನ್ನ ಭುಜದ ಮೇಲೆ ತಲೆ ಇಟ್ರು. ನಿದ್ದೆ ಬಂತು ಅಂದ್ಕೊಂಡೆ."

ಟೈಪ್ ಮಾಡುವವನ ಕೈ ನಿಂತಿತ್ತು.

"ಅವತ್ತಿಂದ ನಾನು ಯಾವುದನ್ನೂ ಸ್ವಲ್ಪ ಅಂತ ಹೇಳಿಲ್ಲ," ಎಂದಳು ಅಕ್ಕ. "ಇವಳನ್ನೂ ಬೆಂಚ್ ಮೇಲೆ ಕೂರಿಸ್ತಾರೆ ಅಂತ ಭಯ ಆಯ್ತು. ಅದಕ್ಕೆ ಹತ್ತು ವರ್ಷ ಅಂದೆ. ನೂರು ಅಂದ್ರೆ ಬೇಗ ನೋಡ್ತಾರೆ ಅಂತಿದ್ರೆ ನೂರು ಅಂತಿದ್ದೆ."

ತಂಗಿ ಅಕ್ಕನ ಕಡೆ ತಿರುಗಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಂದು ಅಕ್ಕ ಹೇಳುತ್ತಿದ್ದದ್ದು ಒಂದು ಇಡೀ ಸಂಜೆ! ಹುಟ್ಟುಗುಣ ಎಂದು ಬೀದಿಯ ಜೊತೆ ತಾನೂ ನಕ್ಕಿದ್ದಳಲ್ಲ. ಮದುವೆಗೆ ಮೊದಲು ಅಕ್ಕ ಹೇಗೆ ಮಾತಾಡುತ್ತಿದ್ದಳೆಂದು ನೆನಪಿಸಿಕೊಂಡಳು. ಮೆತ್ತಗೆ, ಕಮ್ಮಿ ಮಾತಾಡುತ್ತಿದ್ದಳು. ಅದನ್ನು ತಾನು ಹೇಗೆ ಮರೆತೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಅಧಿಕಾರಿ ಮೂಗು ಒರೆಸಿಕೊಂಡರು, ಈ ಸಲ ನೆಗಡಿಗೇ ಎಂದು ಹೇಳುವಂತಿರಲಿಲ್ಲ. ಆಪರೇಷನ್ನಿಗೆ ಮೊದಲು ಈಕೆ ಎದೆನೋವಿಗೆಂದು ಯಾವ ಡಾಕ್ಟರನ್ನಾದರೂ ಕಂಡದ್ದು, ಒಂದು ಮಾತ್ರೆ ನುಂಗಿದ್ದು, ಒಂದು ಪರೀಕ್ಷೆ ಮಾಡಿಸಿದ್ದು ನಿಮ್ಮ ಬಳಿ ಇದೆಯೇ ಎಂದು ವಕೀಲನನ್ನು ಕೇಳಿದರು. ವಕೀಲ ಕಾಗದಗಳನ್ನು ತಿರುವಿ, ಇಲ್ಲ ಎಂದ.

"ಮತ್ತೆ ನಿಮ್ಮ ಹತ್ರ ಇರೋದು ಹೆದರಿದವರ ಬಾಯಿಂದ ಬಂದ ಒಂದು ಮಾತು. ಅದು ಕಾಯಿಲೆ ಅಲ್ಲ," ಎಂದರು ಅಧಿಕಾರಿ.

ಹಿಂದಿರುಗುವಾಗ ತಂಗಿ ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಕೂತಳು. ಮುಂದೆ ಪಕ್ಕದ ಸೀಟು, ಎರಡನೇ ಬ್ರೇಕು ಖಾಲಿ. ಗುಮಾಸ್ತ ಯಾರ ಸಹಾಯವೂ ಇಲ್ಲದೆ, ನಾಲ್ಕನೇ ಗೇರಿನಲ್ಲಿ ಓಡಿಸಿದ. ಎಷ್ಟೋ ಹೊತ್ತಿನ ಮೇಲೆ ಅಕ್ಕ, ಇನ್ನೊಂದು ಸಲ ಡಾಕ್ಟರು ಹಾಗೆ ಕೇಳಿದರೆ ಏನು ಹೇಳಲಿ ಎಂದು ಮೆಲ್ಲಗೆ ಕೇಳಿದಳು.

"ನೋವನ್ನ ಎಷ್ಟು ಬೇಕಾದ್ರೂ ದೊಡ್ಡದು ಮಾಡಕ್ಕ," ಎಂದಳು ತಂಗಿ. "ವರ್ಷ ಮಾತ್ರ ಎಣಿಸ್ಬೇಡ."

ಅಕ್ಕ ನಕ್ಕಳು. ನಗುತ್ತಲೇ ಅತ್ತಳು. ಮುಂದಿನ ಸಿಗ್ನಲ್ಲಿನಲ್ಲಿ, ಇಲ್ಲಿ ಲಕ್ಷ ಗಾಡಿ ನಿಂತಿವೆಯಲ್ಲ ಎಂದಳು. ಗುಮಾಸ್ತ ಕನ್ನಡಿಯಲ್ಲಿ ನೋಡಿ ನಿರಾಳವಾಗಿ ಉಸಿರು ಬಿಟ್ಟ.

ಆದೇಶ ಗಡುವಿನೊಳಗೆ ಬಂತು, ದುಡ್ಡೂ ಬಂತು. ಪಕ್ಕದ ಬೀದಿಯ ಯಜಮಾನ ತನ್ನ ಸಾಲ ಎಣಿಸಿಕೊಂಡು, ಕೊನೆಯದಾಗಿ ಒಮ್ಮೆ ಬ್ರೇಕು ಒತ್ತಿ ನೋಡಿ ಹೋದ. ಡಾಕ್ಟರ್ ಒಪ್ಪಿದ ದಿನ ತಂಗಿ ಕಾರು ಒರೆಸಿ ಮೊದಲ ಪಾಠಕ್ಕೆ ಸಿದ್ಧಳಾದಳು. ಎದುರುಮನೆಗೆ ಆಗಷ್ಟೇ ಬಾಡಿಗೆಗೆ ಬಂದಿದ್ದ ಹೆಂಗಸು ಗೇಟಿನ ಬಳಿ ನಿಂತು ಅಕ್ಕನಿಂದ ಎಲ್ಲವನ್ನೂ ಕೇಳುತ್ತಿದ್ದಳು. ಬೆಂಚಿನ ಕತೆಯೂ ಅದರಲ್ಲಿತ್ತು, ಅದನ್ನು ಅಕ್ಕ ಇದ್ದಷ್ಟೇ ಹೇಳಿದಳು. ಆಮೇಲೆ ವಿಚಾರಣೆಗೆ ಬಂದಳು.

"ಹಾಲ್ ತುಂಬ ಜನ ಕಣ್ರೀ. ಇನ್ನೂರು ಜನ ಇದ್ರು, ನಾನು ಮಾತಾಡಿದ್ದು ಕೇಳಿ ಒಬ್ಬರ ಕಣ್ಣೂ ಒಣಗಿರ್ಲಿಲ್ಲ."

ಹೊಸಬಳು ಅನುಮಾನದಿಂದ ತಂಗಿಯ ಕಡೆ ತಿರುಗಿದಳು. ಮೇಡಂ ಅಳೆದು ತೂಗಿ ಮಾತಾಡುವವರೆಂದು ಅವಳಿಗೆ ಯಾರೋ ಹೇಳಿದ್ದರು. "ಹೌದಾ ಮೇಡಂ, ಇನ್ನೂರು ಜನಾನಾ?"

ತಂಗಿ ಕಾರಿನ ಬಾಗಿಲು ಹಿಡಿದು ಒಂದು ಗಳಿಗೆ ಯೋಚಿಸಿದಳು.

"ಮುನ್ನೂರು," ಎಂದಳು. "ಹೊರಗೆ ನಿಂತಿದ್ದೋರನ್ನ ಅಕ್ಕ ಎಣಿಸಿಲ್ಲ."