ರೆಕ್ಕೆಯ ತುದಿಯ ಕತ್ತರಿ

"ಒಂದು ಬೆಸುಗೆ ಕೊಯ್ದು ನೋಡ್ಬೇಕಮ್ಮ," ಎಂದು ಎಂಜಿನಿಯರ್ ಕೈಯಲ್ಲಿದ್ದ ಗ್ರೈಂಡರನ್ನು ಗುರ್ರೆನ್ನಿಸಿ ನಿಲ್ಲಿಸಿದ.

ಕಿಡಿಯಕ್ಕ ಗ್ರೈಂಡರಿಗೆ ಅಡ್ಡ ಬಂದಳು. ಬೀದಿಯವರು ಅವಳಿಗಿಟ್ಟ ಹೆಸರದು. ವೆಲ್ಡಿಂಗ್ ಕೆಲಸಕ್ಕೂ ಒಪ್ಪುತ್ತದೆ, ಸಿಟ್ಟಿಗೂ ಒಪ್ಪುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ಗೇಟು, ಕಿಟಕಿ ಅಂತ ಚಿಲ್ಲರೆ ಕೆಲಸದಲ್ಲಿ ದಿನ ದೂಡುತ್ತಿದ್ದಳು. ಕೂಡುರಸ್ತೆಯಲ್ಲೊಂದು ಹಕ್ಕಿಯ ಪ್ರತಿಮೆ ನಿಲ್ಲಿಸೋಣವೆಂದು ಬೀದಿಯವರೆಲ್ಲ ಮನೆಯ ಹಳೇ ಕಬ್ಬಿಣ ತಂದು ಸುರಿದಾಗ ಬಿಟ್ಟಿಯಾಗಿ ಕೂಡಿಸಿಕೊಟ್ಟವಳು ಇವಳೇ. ಸೌಟು, ಸೈಕಲ್ ಚೈನು, ಬೀಗ, ಎಲ್ಲ ಸೇರಿ ಒಂದೂವರೆ ಆಳೆತ್ತರದ ಹಕ್ಕಿಯಾಯಿತು. ದಾರಿಯಲ್ಲಿ ಹೋಗುತ್ತ ಅದನ್ನು ಕಂಡ ಎಂಜಿನಿಯರ್, ಬೆಸೆದವರು ಯಾರೆಂದು ಹುಡುಕಿಕೊಂಡು ಬಂದಿದ್ದ. ಅವನದು ಸೇತುವೆ ಕಟ್ಟುವ ಕಂಪನಿ. ಬೆಸುಗೆ ಒಪ್ಪಿಗೆಯಾದರೆ ಕಾಯಂ ಕೆಲಸ.

"ನಿಮ್ ವರ್ಕ್‌ಶಾಪಲ್ಲೇ ಮಾಡಿ ತೋರಿಸ್ತೀನಿ ಸಾರ್."

"ಪರೀಕ್ಷೆ ದಿನ ಎಲ್ರೂ ಶಿಸ್ತಾಗೇ ಮಾಡ್ತಾರೆ. ಯಾರೂ ನೋಡ್ದೇ ಇದ್ದಾಗ ಹೇಗ್ ಮಾಡಿದೀಯ, ಅದು ಬೇಕು ನಂಗೆ."

ಹಕ್ಕಿಯ ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು. ತಮ್ಮ ಮನೆಯ ಸಾಮಾನಿಗೆ ಗ್ರೈಂಡರ್ ಹಾಕಿಸಲು ಯಾರಿಗೂ ಮನಸ್ಸಿಲ್ಲ. ಆಗ ಕ್ಷೌರದಂಗಡಿಯವನು ಜನರನ್ನು ಸರಿಸಿಕೊಂಡು ಮುಂದೆ ಬಂದ.

"ನನ್ ಕತ್ತರಿ ಕೊಯ್ರಿ ಸಾರ್, ರೆಕ್ಕೆ ತುದೀಲಿದೆ. ನಮ್ ಕಿಡಿಗೆ ಕೆಲ್ಸ ಆಗೋದಾದ್ರೆ ಅದೇನ್ ದೊಡ್ಡದು!"

ಅವಳು ರೆಕ್ಕೆಯ ತುದಿ ನೋಡಿದಳು. ಹಕ್ಕಿ ಕಟ್ಟುವಾಗ ಇದೇ ಮನುಷ್ಯ, "ಹೆಂಗಸಿನ ಬೆಸುಗೆ, ಗಾಳಿಗೇ ಉದುರುತ್ತೆ" ಎಂದು ನಾಲ್ಕು ಜನರೆದುರು ನಕ್ಕಿದ್ದ. ಆ ಉರಿಗೆ ಅವನ ಕತ್ತರಿಗೆ ಮೇಲೆ ಮೇಲೆ ಎರಡೇ ಬೊಟ್ಟು ಬೆಸುಗೆ ಇಟ್ಟು, ಬಣ್ಣ ಬಳಿದು ಕೈತೊಳೆದುಕೊಂಡಿದ್ದಳು. ಉಳಿದ ಬೆಸುಗೆಯೆಲ್ಲ ಕಲ್ಲಿನಷ್ಟು ಗಟ್ಟಿ. ಅದೊಂದು ಬಿಟ್ಟು.

ಗ್ರೈಂಡರ್ ಮತ್ತೆ ಗುರ್ರೆಂದಿತು. ಪಕ್ಕದ ಬೀಗ ನಮ್ಮನೆಯದು, ಅದನ್ನೇ ಕೊಯ್ಯಿರಿ ಎಂದರೆ ಮುಗಿಯಿತು. ಮಾತು ಬಾಯಿತನಕ ಬಂದಿತ್ತು. ಅಷ್ಟರಲ್ಲಿ ಕ್ಷೌರದವನು ಅವಳತ್ತ ತಿರುಗಿ ಕಣ್ಣು ಮಿಟುಕಿಸಿದ, ಕೆಲಸ ತನಗೇ ಸಿಕ್ಕಿತೇನೋ ಎನ್ನುವಷ್ಟು ಖುಷಿಯಲ್ಲಿ.

"ನಿಲ್ಸಿ ಸಾರ್! ಅದು ಪೊಳ್ಳು," ಎಂದಳು. "ಇವ್ನ ಮೇಲಿನ ಸಿಟ್ಟಿಗೆ ಬೇಕಂತ್ಲೇ ಹಾಗ್ ಮಾಡ್ದೆ."

ಗ್ರೈಂಡರ್ ನಿಂತಿತು.

"ಹಾಳಾದೋಳೆ!" ಎಂದ ಕ್ಷೌರದವನು. "ದಿನಾ ಅದರ ಕೆಳಗೇ ನಿಂತು ಬೀಡಿ ಸೇದ್ತೀನಲ್ಲೇ!"

ಅವಳು ಮನೆಯಿಂದ ವೆಲ್ಡಿಂಗ್ ಮೆಷಿನ್ ತಂದಳು. ಎದುರಿನ ಅಂಗಡಿಯಿಂದ ಅದಕ್ಕೆ ಕರೆಂಟಿನ ವೈರು ಎಳೆದಳು. ಕತ್ತರಿಯನ್ನು ಒಂದೇ ಏಟಿಗೆ ಕಿತ್ತು, ಬಣ್ಣ ಕೆರೆದು, ಅವನ ಕೈಗೆ ಕೊಟ್ಟಳು.

"ಅಲ್ಲಾಡಿಸ್ದೆ ಹಿಡ್ಕೋ."

ಅವನು ಗೊಣಗುತ್ತಲೇ ರೆಕ್ಕೆಗೆ ಒತ್ತಿ ಹಿಡಿದು ಮುಖ ಆಚೆ ತಿರುಗಿಸಿದ. ಅವಳು ಮುಖವಾಡ ಇಳಿಸಿದಳು. ನೀಲಿ ಬೆಳಕು ಚಟಚಟನೆ ಹೊತ್ತಿತು. ಎಂಜಿನಿಯರ್ ಹೋಗಿರಲಿಲ್ಲ, ಕಣ್ಣಿಗೆ ಅಂಗೈ ಅಡ್ಡ ಹಿಡಿದು, ಬೆಸುಗೆ ಮುಗಿಯಲೆಂದು ಕಾಯುತ್ತ ನಿಂತೇ ಇದ್ದ.