ಉಡುಗೊರೆಗೆ ಹೋದ ಮೂಗು

ನಾನು ಒಂದು ಮುಧೋಳ ನಾಯಿ. ಬಡಕಲು ಮೈ, ಉದ್ದ ಮೂತಿ, ಕಡ್ಡಿಯಂಥ ಕಾಲು. ನೋಡಿದವರು ಪಾಪ, ಇದಕ್ಕೆ ಹಿಟ್ಟು ಹಾಕುವವರಿಲ್ಲವೇನೋ ಎಂದು ಮರುಗುತ್ತಾರೆ. ಅದು ನಮ್ಮ ಜಾತಿಯ ಚೆಲುವು, ಬಡತನವಲ್ಲ. ಲೋಕಾಪುರದ ಹತ್ತಿರ ಜೋಳದ ಹೊಲದ ಒಂದು ಗುಡಿಸಲಿನಲ್ಲಿ ಹುಟ್ಟಿದೆ. ನನ್ನವ್ವ ಬೆನ್ನು ಬಿದ್ದಳೆಂದರೆ ಮೊಲ ಬದುಕುವ ಆಸೆ ಬಿಡಬೇಕಿತ್ತು. ಸೇನೆಯವರು ಮರಿ ಆರಿಸಲು ಬಂದಾಗ ನನ್ನ ಒಡಹುಟ್ಟಿದವರೆಲ್ಲ ಅವರ ಬೂಟು ಕಚ್ಚಿದರು, ನಾನು ಮೂಸಿದೆ. ಕಣ್ಣಿನಿಂದ ಬೇಟೆಯಾಡುವ ವಂಶದಲ್ಲಿ ನನಗೊಬ್ಬನಿಗೆ ಮೂಗು ಬಂದಿತ್ತು. ಹಾಗಾಗಿ ನನ್ನನ್ನೇ ಎತ್ತಿಕೊಂಡು ಹೋದರು.

ನನ್ನನ್ನು ಪಳಗಿಸಿದವನು ಜಮಖಂಡಿ ಕಡೆಯ ಹವಾಲ್ದಾರ ಯಂಕಪ್ಪ. ನನಗೆ ಬಾಣ ಎಂದು ಹೆಸರಿಟ್ಟವನೂ ಅವನೇ. ನೆಲದಡಿ ಹೂತ ಬಾಂಬಿನ ಮದ್ದಿನ ವಾಸನೆ ಸಿಕ್ಕರೆ ಬೊಗಳಬಾರದು, ಕೆದರಬಾರದು, ಅಲ್ಲೇ ಸುಮ್ಮನೆ ಕೂರಬೇಕು. ಅಷ್ಟೇ ನನ್ನ ವಿದ್ಯೆ. ಕೂತಾಗಲೆಲ್ಲ ಅವನು ಜೇಬಿನಿಂದ ಒಣಗಿದ ಜೋಳದ ಕಟಿರೊಟ್ಟಿಯ ಚೂರು ತೆಗೆದು ಬಾಯಿಗಿಡುತ್ತಿದ್ದ. ಸೇನೆಯ ಬಿಸ್ಕತ್ತನ್ನು ಮಾತ್ರ ತಾನೇ ತಿನ್ನುತ್ತಿದ್ದ.

ಅಷ್ಟರಲ್ಲಿ ಉತ್ತರದ ಬೆಟ್ಟಗಳಲ್ಲಿದ್ದ ಒಂದು ಪುಟ್ಟ ದೇಶದಲ್ಲಿ ಒಳಜಗಳ ಮುಗಿದಿತ್ತು. ಜಗಳವಾಡಿದವರು ಕೈ ಕುಲುಕಿ ಮನೆಗೆ ಹೋದರು, ಹೂತಿಟ್ಟ ಬಾಂಬುಗಳು ಮಾತ್ರ ಹೊಲಗಳಲ್ಲೇ ಉಳಿದವು. ಅವನ್ನು ತೆಗೆದುಕೊಡುತ್ತೇವೆಂದು ನಮ್ಮ ದೊಡ್ಡ ದೇಶ ಒಪ್ಪಂದ ಮಾಡಿಕೊಂಡು ಒಂದು ತುಕಡಿಯನ್ನು ಕಳಿಸಿತು. ಯಂಕಪ್ಪನ ಜೊತೆ ನಾನೂ ಹೋದೆ. ಅಲ್ಲಿಯ ಚಳಿಗೆ ನನ್ನ ತೆಳು ಚರ್ಮ ಎಲ್ಲಿ ತಡೆಯಬೇಕು? ಯಂಕಪ್ಪ ತನ್ನ ಕರಿ ಕಂಬಳಿಯನ್ನು ಕತ್ತರಿಸಿ ನನಗೊಂದು ಅಂಗಿ ಹೊಲಿದ. ಆ ವೇಷದಲ್ಲಿ ನನ್ನನ್ನು ಕಂಡು ಹಳ್ಳಿಯ ಹೆಂಗಸರು ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು.

ಕೆಲಸ ಕಲಿಯಲೆಂದು ಆ ದೇಶದ ಸಿಪಾಯಿ ನೋರ್ಬು ನಮ್ಮ ಜೊತೆಗಿದ್ದ. ಅವನೂ ಯಂಕಪ್ಪನೂ ಮಾತಾಡುತ್ತಿದ್ದ ಹಿಂದಿ ಇಬ್ಬರದೂ ಹರಕು, ಆದ್ದರಿಂದ ಚೆನ್ನಾಗಿ ಹೊಂದಿಕೆಯಾಗಿತ್ತು. ನಾವು ಹಗ್ಗ ಕಟ್ಟಿದ ಪಟ್ಟಿಗಳಲ್ಲಿ ನಡೆಯುತ್ತಿದ್ದೆವು. ನಾನು ಕೂತಲ್ಲಿ ಕೆಂಪು ಗೂಟ, ನಡೆದಲ್ಲಿ ಬಿಳಿ ಗೂಟ. ಬಿಳಿ ಗೂಟದ ಹಿಂದೆಯೇ ನೇಗಿಲು ಬರುತ್ತಿತ್ತು. ಹಾಗೆ ಕಣಿವೆಯ ಹೊಲಗಳೆಲ್ಲ ಒಂದೊಂದಾಗಿ ಜೀವಕ್ಕೆ ಮರಳಿದವು. ಕೊನೆಗೆ ಉಳಿದದ್ದು ನೋರ್ಬುವಿನ ಅಕ್ಕ ಪೇಮಾಳ ಹೊಲ. ಗಂಡ ಸತ್ತ ಮೇಲೆ ಅವಳಿಗಿದ್ದ ಆಸ್ತಿಯೆಂದರೆ ಅದೊಂದೇ. ಅದು ಬೀಳುಬಿದ್ದುದರಿಂದ ಅವಳು ಮಕ್ಕಳನ್ನು ಕಟ್ಟಿಕೊಂಡು ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು. ಬಾರ್ಲಿ ಬಿತ್ತನೆಗೆ ಮುಂಚೆ ನಿನ್ನ ಹೊಲ ನಿನ್ನ ಕೈಗೆ ಎಂದು ನೋರ್ಬು ಮಾತು ಕೊಟ್ಟಿದ್ದ. ಅಲ್ಲಿ ಮೊದಲ ಹಗ್ಗ ಕಟ್ಟಿದ ದಿನ ಪೇಮಾ ನನ್ನ ಮೂತಿಗೆ ಬೆಣ್ಣೆ ಸವರಿದಳು.

ಆಗಲೇ ರಾಜಧಾನಿಗಳಲ್ಲಿ ಮುನಿಸು ಹುಟ್ಟಿತು. ಪುಟ್ಟ ದೇಶದಲ್ಲಿ ಹೊಸ ಸರ್ಕಾರ ಬಂದು, ನಮ್ಮ ನೆಲದಲ್ಲಿ ಪರದೇಶದ ಬೂಟು ಬೇಡ ಎಂದಿತು. ಉಪಕಾರ ಮಾಡಿದವರಿಗೆ ಇದೇನಾ ಮರ್ಯಾದೆ ಎಂದು ದೊಡ್ಡ ದೇಶ ಸಿಡುಕಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೊನೆಗೆ ಇಬ್ಬರ ಮುಖವೂ ಉಳಿಯುವಂತೆ ಒಂದು ದಾರಿ ಕಂಡುಕೊಂಡರು: ತುಕಡಿ ವಾಪಸ್ಸು, ಸ್ನೇಹದ ಗುರುತಾಗಿ ನಾನು ಉಡುಗೊರೆ.

ಬಯಲಿನಲ್ಲಿ ಶಾಮಿಯಾನ ಹಾಕಿದರು. ಬ್ಯಾಂಡು ಎರಡೂ ದೇಶಗಳ ಹಾಡು ನುಡಿಸಿತು, ಮಂತ್ರಿಗಳು ನನ್ನ ಕೊರಳಿಗೆ ರೇಷ್ಮೆ ವಸ್ತ್ರ ಹಾಕಿದರು. ಯಂಕಪ್ಪ ನನ್ನ ಹಗ್ಗವನ್ನು ನೋರ್ಬುವಿನ ಕೈಗೆ ಕೊಟ್ಟು ಸೆಲ್ಯೂಟ್ ಹೊಡೆದ. ಆಮೇಲೆ ಪಂಕ್ತಿ ಬಿಟ್ಟು ನನ್ನ ಮುಂದೆ ಮಂಡಿಯೂರಿ ಕಿವಿಯಲ್ಲಿ ಹೇಳಿದ, "ಬಾಣಾ, ನನ್ನ ನೋಡಬ್ಯಾಡ. ಹೊಲ ನೋಡು. ಅಕ್ಕನ ಹೊಲ ಮುಗಸು, ಆಮ್ಯಾಲ ಬೇಕಾದ್ರ ಅಳು."

ನಾನು ಅವನನ್ನೇ ನೋಡುತ್ತಿದ್ದೆ. ಟ್ರಕ್ಕು ತಿರುವಿನಲ್ಲಿ ಮರೆಯಾದ ಮೇಲೂ ಅವನ ವಾಸನೆ ರಸ್ತೆಯಲ್ಲಿ ಸ್ವಲ್ಪ ಹೊತ್ತು ಇತ್ತು.

ಮರುದಿನ ನೋರ್ಬು ನನ್ನನ್ನು ಹೊಲಕ್ಕೆ ಹೊರಡಿಸಿದ. ಶಿಬಿರದ ಗೇಟಿನಲ್ಲೇ ತಡೆದರು. ಇನ್ನು ಮೇಲೆ ನಾನು ಸೇನೆಯ ನಾಯಿಯಲ್ಲವಂತೆ, ರಾಷ್ಟ್ರದ ಅತಿಥಿಯಂತೆ; ಇರಬೇಕಾದದ್ದು ಸರ್ಕಾರಿ ಅತಿಥಿಗೃಹದಲ್ಲಂತೆ. ನೋರ್ಬು ಅಲ್ಲಿನ ಮುಖ್ಯ ಅಧಿಕಾರಿಯ ಮುಂದೆ ಕೈಮುಗಿದು ಅಕ್ಕನ ಹೊಲದ ಕಥೆ ಹೇಳಿದ. ಅಧಿಕಾರಿ ಕೆಟ್ಟವನಲ್ಲ, ಚಹಾ ತರಿಸಿಕೊಟ್ಟು ಮೆಲ್ಲಗೆ ಹೇಳಿದ, "ಕೊಟ್ಟವರು ಸಣ್ಣವರಲ್ಲಪ್ಪಾ. ಇದರ ಒಂದು ಕಾಲು ಹೋದರೆ ನಾಳೆ ಅವರಿಗೆ ನಾವು ಏನು ಉತ್ತರ ಹೇಳೋಣ?"

ನೋರ್ಬು ಅಷ್ಟಕ್ಕೇ ಬಿಡಲಿಲ್ಲ. ನನ್ನ ಆರೋಗ್ಯ ವಿಚಾರಿಸಲು ನಮ್ಮ ರಾಯಭಾರ ಕಚೇರಿಯವರು ಬಂದಾಗ ಅವರನ್ನೂ ಕೇಳಿದ. ಕೊಟ್ಟ ಮೇಲೆ ಅದು ನಿಮ್ಮದು, ನಾವು ಹೀಗೆ ಬಳಸಿ ಹಾಗೆ ಬಳಸಿ ಎಂದರೆ ನಿಮ್ಮ ಮನೆಯ ವಿಷಯದಲ್ಲಿ ತಲೆಹಾಕಿದಂತಾಗುತ್ತದೆ ಎಂದರು ಅವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಪೂಜಾರಿಯೂ ಒಬ್ಬರಿಗೊಬ್ಬರು ನಮಸ್ಕಾರ ಮಾಡುತ್ತ ನಿಂತುಬಿಟ್ಟಿದ್ದರು. ಹೊಸ ನಾಯಿ ತರಿಸಿದರೆ ಹಳೆಯದರಲ್ಲಿ ಕುಂದು ಕಂಡಂತಾಗುತ್ತದೆಂದು ಅದನ್ನೂ ತರಿಸಲಿಲ್ಲ.

ನನಗೆ ಹೊಸ ಹೆಸರಿಟ್ಟರು. ಅವರ ಭಾಷೆಯಲ್ಲಿ ಅದಕ್ಕೆ ಸ್ನೇಹ ಎಂದರ್ಥವಂತೆ. ಆ ಹೆಸರಿಗೆ ನಾನು ಒಮ್ಮೆಯೂ ತಿರುಗಲಿಲ್ಲ. ಕಂಬಳಿ ಹರಿದಿದೆಯೆಂದು ಎಸೆದು ಎರಡೂ ಬಾವುಟಗಳ ಬಣ್ಣದ ಮಕಮಲ್ಲು ಹೊದಿಸಿದರು, ಜಮಖಾನೆಯ ಮೇಲೆ ಮಲಗಿಸಿದರು, ನೋಡಿಕೊಳ್ಳಲು ನೋರ್ಬುವನ್ನೇ ಇಟ್ಟರು. ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದರೂ ಬುದ್ಧಿ ಬಿಡದು ಎಂದು ನಿಮ್ಮಲ್ಲಿ ಗಾದೆಯಿದೆಯಲ್ಲ, ನಿಜ. ನನ್ನ ಬುದ್ಧಿ ಆ ಹೊಲದಲ್ಲೇ ಇತ್ತು. ಪೇಮಾ ಆಗಾಗ ಗೇಟಿನ ಆಚೆ ಬಂದು ನಿಲ್ಲುತ್ತಿದ್ದಳು. ಅಧಿಕಾರಿಯ ಮಾತನ್ನು ನೋರ್ಬು ಅವಳಿಗೆ ತಲೆ ತಗ್ಗಿಸಿ ಹೇಳಿದ. ಒಂದು ಬಿತ್ತನೆ ಹೋಯಿತು. ಇನ್ನೊಂದು ಬಂತು.

ಸ್ನೇಹದ ವಾರ್ಷಿಕೋತ್ಸವದ ದಿನ ನನಗೆ ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ನನ್ನನ್ನು ಕರೆತರುವ ಕೆಲಸ ಆ ದಿನ ಬೇರೆಯವರದಾಗಿತ್ತು, ನೋರ್ಬುವಿಗೆ ರಜೆ ಸಿಕ್ಕಿತ್ತು. ಸಿಕ್ಕ ರಜೆಯಲ್ಲಿ ಅವನು ನೆಲ ಚುಚ್ಚಿ ನೋಡಲು ಒಂದು ಕಬ್ಬಿಣದ ಸರಳು ಹಿಡಿದು ಒಬ್ಬನೇ ಅಕ್ಕನ ಹೊಲಕ್ಕೆ ಇಳಿದಿದ್ದ. ಮಂತ್ರಿಗಳು ಭಾಷಣ ಮಾಡುತ್ತಿದ್ದಾಗ ಕಣಿವೆಯಿಂದ ಆ ಸದ್ದು ಬಂತು. ನಾನು ಕುರ್ಚಿಯಿಂದ ಹಾರಿದೆ, ಹಗ್ಗ ಹಿಡಿದವನನ್ನು ಮೆಟ್ಟಿಲವರೆಗೂ ಎಳೆದುಕೊಂಡು ಹೋದೆ. ಪಾಪ, ಪಟಾಕಿಗೆ ಹೆದರಿತು ಎಂದು ಒಬ್ಬರು ನಕ್ಕರು. ನಾಲ್ಕು ಜನ ಸೇರಿ ನನ್ನನ್ನು ಎತ್ತಿ ಮತ್ತೆ ಕೂರಿಸಿದರು.

ನೋರ್ಬುವಿನ ಎರಡೂ ಕಾಲು ಹೋಗಿದ್ದವು. ಆಸ್ಪತ್ರೆ ತಲುಪುವ ಮುಂಚೆ ಅವನೂ ಹೋದ. ನನಗೆ ಇದನ್ನು ಯಾರೂ ಹೇಳಲಿಲ್ಲ, ನಾಯಿಗೆ ಯಾರು ಹೇಳುತ್ತಾರೆ? ಮೂರನೆಯ ದಿನ ಪೇಮಾ ಬಂದಳು, ಅವಳ ಬಟ್ಟೆಗೆ ಹತ್ತಿದ್ದ ವಾಸನೆಯೇ ಎಲ್ಲ ಹೇಳಿತು. ಕಾವಲಿನವನು ಗೇಟು ತೆರೆದು ಪಕ್ಕಕ್ಕೆ ಸರಿದ. ಬೈಯುತ್ತಾಳೆಂದು ಅಧಿಕಾರಿ ಎದ್ದು ನಿಂತಿದ್ದ. ಅವಳು ಬೈಯಲಿಲ್ಲ. ಜಮಖಾನೆಯ ಮೇಲೆ ನನ್ನ ಪಕ್ಕ ಕೂತು, ನನ್ನ ಒಂದೊಂದೇ ಕಾಲನ್ನು ಕೈಗೆತ್ತಿಕೊಂಡು, ಉಗುರಿನಿಂದ ತೊಡೆಯವರೆಗೆ ಮೆಲ್ಲಗೆ ಒತ್ತಿ ನೋಡಿದಳು.

"ನಾಲ್ಕೂ ಚೆನ್ನಾಗಿವೆ ಸಾಹೇಬರೇ," ಎಂದಳು. "ಅವರು ಕೇಳಿದರೆ ಹೇಳಿ."

ಎದ್ದು ಹೋದಳು. ಅವಳು ಮತ್ತೆ ಬರಲಿಲ್ಲ.

ಈಗ ನನಗೆ ಮುಪ್ಪು. ಕಣ್ಣಿಗೆ ಪೊರೆ ಬಂದಿದೆ, ಹಲ್ಲು ಉದುರಿವೆ, ಅನ್ನಕ್ಕೆ ಹಾಲು ಕಲೆಸಿ ಕೊಡುತ್ತಾರೆ. ಎರಡೂ ದೇಶಗಳು ಮತ್ತೆ ಒಂದಾಗಿವೆ ಎಂದು ಬಂದವರು ಮಾತಾಡಿಕೊಳ್ಳುತ್ತಾರೆ, ಒಳ್ಳೆಯದೇ. ಮೂಗು ಮಾತ್ರ ಹಾಗೇ ಇದೆ. ಬಿತ್ತನೆಯ ಕಾಲದಲ್ಲಿ ಕಣಿವೆಯ ಗಾಳಿ ಮೇಲೆ ಬಂದಾಗ ಎಲ್ಲ ಹೊಲಗಳ ಹಸಿ ಮಣ್ಣಿನ ವಾಸನೆ ಬರುತ್ತದೆ, ಒಂದು ಹೊಲದ್ದು ಬಿಟ್ಟು. ಆಗ ನನ್ನ ಎದೆ ಒಡೆಯುತ್ತದೆ. ನನ್ನನ್ನು ಜೋಪಾನ ಮಾಡುವ ವಿಷಯದಲ್ಲಿ ಎಷ್ಟೊಂದು ದೊಡ್ಡವರು ಕೂತು ಮಾತಾಡಿದರು, ನನ್ನನ್ನೊಂದು ಮಾತು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ನಾಯಿಗೆ ನಾಲ್ಕು ಕಾಲು, ಒಂದು ಹೋದರೂ ಮೂರರಲ್ಲಿ ಓಡಬಹುದು. ನೋರ್ಬುವಿಗೆ ಇದ್ದದ್ದು ಎರಡೇ.