ಶಂಕರಯ್ಯನ ಕೈ, ಗಂಗಾಂಬಿಕಾನ ಕರ್ನಲ್

ಗಂಗಾಂಬಿಕಾಗ ಸಿಟ್ಟು ನೆತ್ತಿಗೇರಿತ್ತು. ಪ್ರಿನ್ಸಿಪಾಲ್ ಲಿಂಗಣ್ಣ ಸರ್ ಒಂದು ಖಾಲಿ ಹಾಳಿ ಮುಂದಿಟ್ಟು ಅಂದಿದ್ರು: "ಲ್ಯಾಬಿನ ಕಂಪ್ಯೂಟರ್ ನಾನೇ ಕೆಡಿಸೀನಿ ಅಂತ ಬರದು ಸಹಿ ಹಾಕ್ರಿ ಮೇಡಂ. ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ."

ಆದದ್ದು ಇಷ್ಟು. ಗದ್ವಾಲಿನ ಆ ಕಾಲೇಜಿನಾಗ ಆಕಿ ಗುತ್ತಿಗಿ ಲೆಕ್ಚರರ್, ದಿನಾ ಮಕ್ತಲ್‌ದಿಂದ ಬರಾಕಿ. ಕರ್ನಲ್ ಅಂದ್ರ ಕಂಪ್ಯೂಟರಿನ ಯಜಮಾನ, ಉಳಿದ ಪ್ರೋಗ್ರಾಂ ಎಲ್ಲಾ ಆಳೋ ಪ್ರೋಗ್ರಾಂ. ಅದನ್ನ ಬಿಚ್ಚಿ ಕಲಿಸಾಕ ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಲ್ಯಾಬ್ ನೋಡಿಕೊಳ್ಳೋ ಶಂಕರಯ್ಯನ ಹತ್ರ. ಹೊಸ ರಾಜ್ಯ ಬಂತು, ಗೇಟಿನ ಬೋರ್ಡ್ ಬದಲಾತು, ಈ ಪುಣ್ಯಾತ್ಮನ ಗತ್ತು ಮಾತ್ರ ನಿಜಾಮನ ಕಾಲದ್ದೇ! ಮೂರು ಸಲ ಕೇಳಿದ್ರೂ, "ಹೆಣ್ಮಕ್ಕಳಿಗ್ಯಾಕ್ರೀ ಅದೆಲ್ಲ?" ಅಂತ ಹಲ್ಲು ಕಿಸಿದ.

ಹಾಳಾಗಿ ಹೋಗ್ಲಿ ಅಂತ ಆಕಿ ಇನ್ನೊಂದು ಕರ್ನಲ್ ತಂದು, ಕ್ಯಾಲ್ಕುಲೇಟರ್ ತೆರೆದಷ್ಟು ಸಲೀಸಾಗಿ, ಸಾದಾ ಪ್ರೋಗ್ರಾಂ ಆಗಿ ಒಂದು ಕಿಟಕಿಯೊಳಗ ಓಡಿಸಿದ್ಲು. ಯಾರಪ್ಪನ ಪಾಸ್‌ವರ್ಡೂ ಬೇಕಾಗಲಿಲ್ಲ. ಒಳಗಿಂದು ಸತ್ರ ಹೊರಗಿನ ಯಜಮಾನಗ ಕೆಮ್ಮೂ ಬರಂಗಿಲ್ಲ. ಅದನ್ನೇ ಹುಡುಗ್ರಿಗೆ ತೋರಿಸಾಕ ಬೇಕಂತಲೇ ಕೆಡವಿದ್ಲು. 'ಕರ್ನಲ್ ಪ್ಯಾನಿಕ್', ಅಂದ್ರ ಕರ್ನಲ್ ಕೆಟ್ಟು ನಿಂತೈತಿ, ಅಂತ ಅಕ್ಷರ ಮೂಡಿದ್ವು. ಬಾಗಿಲಾಗ ನಿಂತಿದ್ದ ಶಂಕರಯ್ಯ, "ಅಯ್ಯಯ್ಯೋ, ಸತ್ತೇಹೋತು!" ಅಂತ ಓಡಿಬಂದು ಮೇನ್ ಸ್ವಿಚ್ಚೇ ಆರಿಸಿಬಿಟ್ಟ. ಹಳೇ ಡಿಸ್ಕ್, ಕರೆಂಟ್ ಒಮ್ಮೆಲೇ ಹೋದದ್ದಕ್ಕ ಮತ್ತ ಏಳಲೇ ಇಲ್ಲ. ಹುಡುಗ್ರ ಆರು ವಾರದ ಕೆಲಸ ಗೋವಿಂದಾ. ತಪ್ಪು ಮಾತ್ರ ಆಕಿ ತಲಿಗೆ.

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ," ಅಂತ ಶಂಕರಯ್ಯ ಈಗಲೂ ಪ್ರಿನ್ಸಿಪಾಲರ ಪಕ್ಕದಾಗ ನಿಂತು ಗೊಣಗ್ತಾನ!

"ಸರ್, ನಿಮ್ಮ ಕಂಪ್ಯೂಟರ್ ಐದು ನಿಮಿಷ ಕೊಡ್ರಿ," ಅಂದ್ಲು ಗಂಗಾಂಬಿಕಾ.

"ಇದರಾಗ ಇಡೀ ಕಾಲೇಜಿನ ಅಂಕ ಅದಾವಲ್ರೀ! ಏನರ ಆದ್ರ?"

"ಆದ್ರ ಇದೇ ಹಾಳಿ ಮ್ಯಾಲೆ ರಾಜೀನಾಮಿ ಬರದು ಕೊಡ್ತೀನಿ."

ಪೆನ್ ಡ್ರೈವ್ ಚುಚ್ಚಿ, ಅದೇ ಕರ್ನಲ್ ಓಡಿಸಿ, ಅವರ ಕಣ್ಣ ಮುಂದೇ ಕೆಡವಿದ್ಲು. ಅದೇ 'ಕರ್ನಲ್ ಪ್ಯಾನಿಕ್' ಬಂತು. ಶಂಕರಯ್ಯನ ಕೈ ತಾನಾಗೇ ಗ್ವಾಡಿ ಮ್ಯಾಲಿನ ಸ್ವಿಚ್ಚಿಗೆ ಹೋತು.

"ಏ, ಮುಟ್ಟಬ್ಯಾಡೋ!" ಲಿಂಗಣ್ಣ ಸರ್ ಎದ್ದು ಮಣಿಕಟ್ಟೇ ಹಿಡಿದ್ರು.

ಗಂಗಾಂಬಿಕಾ ಕಿಟಕಿ ಮುಚ್ಚಿದ್ಲು. ಅಂಕದ ಫೈಲು ಇದ್ದಲ್ಲೇ ಇತ್ತು. ಸರ್ ತಾವು ಹಿಡಿದ ಕೈಯನ್ನೇ ನೋಡಿದ್ರು. "ಅವತ್ತೂ ಹಿಂಗೇ ಮಾಡಿದ್ಯೇನು?" ಅಂದ್ರು. ಶಂಕರಯ್ಯ ಮೆಲ್ಲಗ ಕೈ ಬಿಡಿಸಿಕೊಂಡು ಹಿಂದ ಕಟ್ಟಿಕೊಂಡ.

ಆಕಿ ಖಾಲಿ ಹಾಳಿ ಅವನ ಕಡೆ ಸರಿಸಿದ್ಲು. "ನೀವು ಬರೀರಿ. ಹುಡುಗ್ರ ಮುಂದ ನೀವೇ ಓದ್ರಿ."